ಪಕ್ಕದ ಮನೆಯ ತೊರೆ

ವೆಲ್ಲಿಂಗ್ಟನ್ನಿನ ಸರ್ಕಾರಿ ಕಚೇರಿಯಲ್ಲಿ ಹನ್ನೊಂದು ವರ್ಷ ದುಡಿದ ಮೇಲೆ, ಒಂದು ಮೇ ತಿಂಗಳಲ್ಲಿ, ಇಲ್ಲಿಯ ಚಳಿಗಾಲ ಶುರುವಾಗುವ ಹೊತ್ತಿಗೆ, ನನ್ನ ಹುದ್ದೆಯನ್ನೇ ತೆಗೆದುಹಾಕಿದರು. ಹೆಂಡತಿ ಎಂದಿನಂತೆ ಬೆಳಗಿನ ರೈಲು ಹಿಡಿಯುತ್ತಿದ್ದಳು. ನಾನು ಅಪ್ಪರ್ ಹಟ್ ಎಂಬ ಊರಿನ ನಮ್ಮ ಮನೆಯಲ್ಲಿ ಕಾಫಿ ಲೋಟ ಹಿಡಿದು ಸುಮ್ಮನೆ ಕೂತಿರುತ್ತಿದ್ದೆ. ಅವಳು ಸಂಜೆ ಬಂದು ಮಾತಾಡಿಸಿದರೆ ಸಿಡುಕುತ್ತಿದ್ದೆ. ಕೈಲಾಗದವನು ಮೈಯೆಲ್ಲ ಪರಚಿಕೊಂಡ ಅನ್ನುತ್ತಾರಲ್ಲ, ನನ್ನದೂ ಅದೇ ಕಥೆ. ಇನ್ನು ನಾನು ಯಾರಿಗೂ ಬೇಡದವನು ಎಂಬುದೊಂದೇ ತಲೆಯಲ್ಲಿ ಕೊರೆಯುತ್ತಿತ್ತು.

ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದರು, ಇದೇ ಊರಲ್ಲಿ ಹುಟ್ಟಿ ಬೆಳೆದವರು. ಸೊಂಟದ ಆಪರೇಷನ್ ಮುಗಿಸಿ, ಚಳಿ ಕಳೆಯುವ ತನಕ ಟೌರಂಗಾದ ಮಗಳ ಮನೆಗೆ ಹೊರಟಿದ್ದರು. ಹೊರಡುವ ಹಿಂದಿನ ದಿನ ಕೋಲೂರಿಕೊಂಡು ಬೇಲಿಯ ಹತ್ತಿರ ಬಂದರು.

“ನನ್ನ ಕೊಳ ನೋಡಿಕೊಳ್ಳುತ್ತೀಯಾ? ತೊರೆ ನಿಲ್ಲಬಾರದು. ಮೀನಿಗೆ ಮಾತ್ರ ಏನೂ ಹಾಕಬೇಡ, ಈ ಚಳಿಯಲ್ಲಿ ಅವಕ್ಕೆ ಅರಗುವುದಿಲ್ಲ. ದಿನಾ ಬೆಳಿಗ್ಗೆ ಫೋನ್ ಮಾಡಿ ಹೇಗಿದೆ ಹೇಳು.”

ತೊರೆ ಎಂದರೆ ಏನೂ ಇಲ್ಲ, ಪಂಪು ಕೊಳದ ನೀರನ್ನು ಕಲ್ಲುಗುಡ್ಡೆಯ ಮೇಲಕ್ಕೆ ಏರಿಸುತ್ತದೆ, ಅದು ಮತ್ತೆ ಕೊಳಕ್ಕೇ ಇಳಿಯುತ್ತದೆ. ಒಪ್ಪಿಕೊಂಡೆ. ಬೆಳಿಗ್ಗೆ ಗಮ್‌ಬೂಟು ಹಾಕಿಕೊಂಡು ಹೋಗಿ ಎಲೆ ಗೋರುವುದು, ಫಿಲ್ಟರಿನ ಸ್ಪಾಂಜು ಹಿಂಡುವುದು. ಕೈ ಮರಗಟ್ಟುತ್ತಿತ್ತು. ದಂಡೆಯ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಕಾಲಡಿ ಪುಡಿಯಾಗುತ್ತಿತ್ತು.

ಆದರೆ ಮೈಸೂರಿನವನ ಮನಸ್ಸು ಕೇಳಬೇಕಲ್ಲ. ಮನೆಗೆ ಬಂದವರಿಗೆ ಬರೀ ನೀರು ಕೊಟ್ಟು ಕಳಿಸಿ ಗೊತ್ತಿಲ್ಲದ ಜನ ನಾವು. ಒಂಬತ್ತು ಕೆಂಪು ಮೀನು ತಳದಲ್ಲಿ ಅಲ್ಲಾಡದೆ ಬಿದ್ದಿರುವುದನ್ನು ನೋಡಿ ತಡೆಯಲಾರದೆ ಒಂದು ಹಿಡಿ ಅವಲಕ್ಕಿ ಹಾಕಿದೆ. ಮರುದಿನವೂ ಹಾಕಿದೆ. ವಾರದಲ್ಲಿ ನೀರು ಕದಡಿ ನೊರೆ ಬಂತು. ಊದಿಕೊಂಡ ಅವಲಕ್ಕಿಯೆಲ್ಲ ಫಿಲ್ಟರಿಗೆ ಮೆತ್ತಿ ತೊರೆ ನಿಂತೇಹೋಯಿತು. ಎರಡು ಮೀನು ಓರೆಯಾಗಿ ತೇಲುತ್ತಾ ಬಾಯಿ ಬಿಡುತ್ತಿದ್ದವು.

“ಏನ್ರೀ ಇದು, ಬೇಡ ಅಂತ ಅವ್ರು ಬಾಯ್ಬಿಟ್ಟು ಹೇಳಿರ್ಲಿಲ್ವಾ?” ಎಂದಳು ಹೆಂಡತಿ. “ಕೆಲ್ಸ ಇಲ್ದಿರೋ ಬಡಗಿ...” ಎಂದು ಶುರುಮಾಡಿದವಳು ನನ್ನ ಮುಖ ನೋಡಿ ಗಾದೆಯನ್ನು ಅಲ್ಲಿಗೇ ನುಂಗಿಕೊಂಡಳು. ಆ ಶನಿವಾರವೆಲ್ಲ ಇಬ್ಬರೂ ಸೇರಿ ಕೊಳದ ಅರ್ಧ ನೀರು ಹೊರಚೆಲ್ಲಿ, ಮಳೆನೀರಿನ ಡ್ರಮ್ಮಿನಿಂದ ಬಕೆಟ್ ಬಕೆಟ್ ಹೊತ್ತು ತುಂಬಿದೆವು. ಅವಳ ಜೊತೆ ನಾನು ನಕ್ಕು ಎರಡು ತಿಂಗಳಾಗಿತ್ತೆಂದು ಆಗಲೇ ಹೊಳೆದದ್ದು.

ಅಜ್ಜಿಗೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. ಈ ಕೆಲಸವೂ ಹೋಯಿತು ಎಂದುಕೊಂಡಿದ್ದೆ. “ಈಗ ತೊರೆ ಹರಿಯುತ್ತಿದೆಯಾ?” ಎಂದು ಕೇಳಿದರು. ಹರಿಯುತ್ತಿದೆ ಎಂದೆ. “ಸರಿ, ನಾಳೆ ಫೋನ್ ಮಾಡು” ಎಂದರು.

ಮೀನುಗಳು ಉಳಿದವು. ಆಗಸ್ಟಿನ ಒಂದು ಮಧ್ಯಾಹ್ನ ಅಜ್ಜಿಯ ಮಗಳು ಅವರ ಬಟ್ಟೆ ಒಯ್ಯಲು ಬಂದರು. ನಾನು ಸ್ಪಾಂಜು ಹಿಂಡುತ್ತಿದ್ದೆ. ಅವರು ತೊರೆಯನ್ನು ಬೆರಗಿನಿಂದ ನೋಡಿದರು.

“ಇದ್ಯಾಕೆ ಓಡುತ್ತಿದೆ? ಅಮ್ಮ ಪ್ರತಿವರ್ಷ ಚಳಿ ಶುರುವಾದ ಕೂಡಲೇ ಪಂಪು ಆಫ್ ಮಾಡಿ ಎತ್ತಿಡುತ್ತಾರೆ. ಮೀನುಗಳು ತಮ್ಮ ಪಾಡಿಗೆ ತಾವು ಮಲಗಿರುತ್ತವೆ. ನೋಡಿಕೊಳ್ಳುವುದಕ್ಕೆ ಏನೂ ಇರುವುದಿಲ್ಲ.”

ಮೊದಲು ಸ್ವಲ್ಪ ರೋಷ ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ, ಬೇಲಿಯ ತನಕ ಆ ಸೊಂಟ ಹೊತ್ತು ನಡೆದುಬಂದವರು ಯಾರಿಗಾಗಿ ಬಂದಿದ್ದರು ಎಂದು ಅರ್ಥವಾಯಿತು. ಆ ಚಳಿಗಾಲದಲ್ಲಿ ನನ್ನನ್ನು ಹಾಸಿಗೆಯಿಂದ ಎಬ್ಬಿಸಿದ್ದು ಅವರೇ. ಆ ಋಣ ಇಂದಿಗೂ ನನ್ನ ಮೇಲಿದೆ.

ಮಗಳು ಪಾಪ, ನನಗೆ ಕಷ್ಟವಾಗುತ್ತಿದೆ ಎಂದುಕೊಂಡು ಸ್ವಿಚ್ಚಿಗೆ ಕೈ ಚಾಚಿ, “ಆಫ್ ಮಾಡಿಬಿಡಲೇ?” ಎಂದರು.

“ದಯವಿಟ್ಟು ಬೇಡ” ಎಂದೆ. “ನಾಳೆ ಬೆಳಿಗ್ಗೆ ನಾನು ಅವರಿಗೆ ಫೋನ್ ಮಾಡಬೇಕು.”