ಕೆಂಪು ಮಸಿಯಲ್ಲಿ ಬರೆದ ಹೆಸರು

ಯೇದಮ್ ನಮ್ಮ ಮನೆಯ ಕೆಳಗಿನ ಓಣಿಯ ಹುಡುಗಿ. ವಯಸ್ಸು ಹದಿನೈದು. ತಾಯಿ ಬಂದರಿನ ಹತ್ತಿರ ಕಡಲಸೊಪ್ಪು ಒಣಗಿಸುವ ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡುತ್ತಾಳೆ. ತಂದೆ ಬೇರೆ ಸಂಸಾರ ಹೂಡಿದ ಮೇಲೆ ತಾಯಿ ಮಗಳು ದೂರದ ಬುಸಾನ್ ನಗರ ಬಿಟ್ಟು ನಮ್ಮ ವಾಂಡೋ ದ್ವೀಪಕ್ಕೆ ಬಂದರು. ಹೊಸತರಲ್ಲಿ ಶಾಲೆಯ ಮಕ್ಕಳು ಅವಳ ಮಾತಿನ ರಾಗವನ್ನು ಅಣಕಿಸುತ್ತಿದ್ದರು. ಹುಡುಗಿ ಬಾಯಿ ತೆರೆಯುವುದನ್ನೇ ಬಿಟ್ಟಳು.

ಆಗ ಅವಳ ಕಿವಿಯೊಳಗೆ ಹಾಡುತ್ತಿದ್ದವನು ಬಾರಮ್. ಅವನೂ ಬುಸಾನಿನವನು. ದೊಡ್ಡ ಹಾಡುಗಾರನಾದ ಮೇಲೂ ಟೀವಿಯಲ್ಲಿ ಆ ಊರಿನ ರಾಗದಲ್ಲೇ ಮಾತಾಡುತ್ತಿದ್ದನಂತೆ. ಇದನ್ನು ಅವಳೇ ಹೇಳಿದ್ದು, ನಾನು ಅಡುಗೆ ಮಾಡುವ, ಊರ ಮುದುಕರು ಸೇರಿ ಉಣ್ಣುವ ಹಿರಿಯರ ಭವನದಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ. ಅವನು ಮಾತಾಡಿದ್ದು ಕೇಳಿದ ಮೇಲೆ ತಾನೂ ಮಾತಾಡಿದಳಂತೆ.

ಅವನ ಅಭಿಮಾನಿಗಳು ಹುಟ್ಟುಹಬ್ಬಕ್ಕೆ ಅವನಿಗೇನೂ ಕಳಿಸುವುದಿಲ್ಲ. ಅಕ್ಕಿ ಮೂಟೆಗೆ ಅವನ ಹೆಸರಿನ ರಿಬ್ಬನ್ ಕಟ್ಟಿ ಇಲ್ಲದವರಿಗೋ ಮುದುಕರಿಗೋ ಕೊಡುತ್ತಾರೆ. ಹೋದ ವರ್ಷ ಯೇದಮ್ ಮತ್ತವಳ ಗೆಳತಿಯರು ತಂದ ಅಕ್ಕಿಯನ್ನು ನಾವು ಚಳಿಗಾಲವಿಡೀ ಉಂಡೆವು. ಬಾರಮ್ ನಮ್ಮೆಲ್ಲರ ಮೊಮ್ಮಗನಾಗಿಬಿಟ್ಟಿದ್ದ.

ಈ ವಸಂತದಲ್ಲಿ ಅವನು ಕುಡಿದು ಕಾರು ಓಡಿಸಿ, ಸ್ಕೂಟರಿನಲ್ಲಿ ಊಟ ತಲುಪಿಸಲು ಹೊರಟಿದ್ದ ಒಬ್ಬ ಹುಡುಗನಿಗೆ ಗುದ್ದಿದ. ಹುಡುಗನ ಒಂದು ಕಾಲು ಹೋಯಿತು. ಗೆಳತಿಯರು ಬಾರಮ್‌ನ ಚಿತ್ರಗಳನ್ನು ಕಿತ್ತು ಕಸದ ಬುಟ್ಟಿಗೆ ಹಾಕಿದರು. ಯೇದಮ್ ಕೀಳಲಿಲ್ಲ. ಶಾಲೆಯಲ್ಲಿ ಅವಳನ್ನು ಕುಡುಕನ ಹೆಂಡತಿ ಎಂದು ಕರೆದರು. ಆಗಲೂ ಕೀಳಲಿಲ್ಲ.

ಶರತ್ಕಾಲ ಬಂತು, ಅವನ ಹುಟ್ಟುಹಬ್ಬವೂ ಬಂತು. ಯೇದಮ್ ಸೋದರಮಾವನ ಗದ್ದೆಯಲ್ಲಿ ಕೊಯ್ಲಿನ ಕೆಲಸ ಮಾಡಿ, ಕೂಲಿಗೆ ಬದಲು ಒಂದು ಮೂಟೆ ಹೊಸ ಅಕ್ಕಿ ಕೇಳಿ ತಂದಿದ್ದಳು. ಕೈಗಾಡಿಯಲ್ಲಿ ಅದನ್ನು ತಳ್ಳಿಕೊಂಡು ಭವನದ ಬಾಗಿಲಿಗೆ ಬಂದು ನಿಂತಳು. ಮೂಟೆಗೆ ಬಿಳಿ ರಿಬ್ಬನ್ ಕಟ್ಟಿತ್ತು.

ಒಳಗೆ ಮಾನ್‌ಸುವಿನ ಅವ್ವ ಕಿಮ್ಚಿ ಉಪ್ಪಿನಕಾಯಿಗೆಂದು ಮೂಲಂಗಿ ಹೆರೆಯುತ್ತಿದ್ದಳು. ಅವಳ ಮಗ ಮಾನ್‌ಸುವೂ ಸ್ಕೂಟರಿನಲ್ಲಿ ಊಟ ತಲುಪಿಸುತ್ತಿದ್ದವನೇ. ಹೋದ ಚಳಿಗಾಲ ಇಲ್ಲಿಯ ಯಾವನೋ ಕುಡುಕ ಅವನಿಗೆ ಗುದ್ದಿ ಹೋದ. ಮಾನ್‌ಸು ಇನ್ನೂ ಕೋಲು ಹಿಡಿದು ನಡೆಯುತ್ತಾನೆ.

"ಆ ಅಕ್ಕಿ ಪಾತ್ರೆಗೆ ಬಿದ್ರೆ ನನ್ನ ಚಮಚ ಈ ಮೇಜಿಗೆ ಬರಲ್ಲ," ಎಂದಳು ತಲೆ ಎತ್ತದೆ.

ಹೇನಮ್ ಊರಿನಿಂದ ಸೊಸೆಯಾಗಿ ಬಂದು, ಹಲ್ಲು ಉದುರಿದರೂ ಹೇನಮ್‌ನವಳು ಎಂದೇ ಕರೆಸಿಕೊಳ್ಳುವ ಮುದುಕಿ ನಡುವೆ ಬಾಯಿ ಹಾಕಿದಳು. "ರಿಬ್ಬನ್ ಕಿತ್ತಾಕಿ ಒಳಗಿಡ್ರೇ. ಯಾರು ಕುಡಿದ್ರು ಅಂತ ಅಕ್ಕಿಗೇನು ಗೊತ್ತು?"

"ರಿಬ್ಬನ್ ತೆಗೆಯೋದಾದ್ರೆ ಬೇಡ ಅಜ್ಜಿ. ವಾಪಸ್ ತಗೊಂಡು ಹೋಗ್ತೀನಿ."

"ಅವನೇನು ನಿನ್ನ ಕೈಹಿಡಿದ ಗಂಡನೇನೇ?" ಎಂದಳು ಹೇನಮ್‌ನವಳು.

"ಈ ಸಲ ಅವನ ಹೆಸರಲ್ಲಿ ಯಾರೂ ಒಂದು ಹಿಡಿ ಅಕ್ಕಿನೂ ಕೊಡ್ತಿಲ್ಲ," ಎಂದಳು ಯೇದಮ್. "ನಾನೂ ಕೊಡ್ದಿದ್ರೆ ಅವನು ಹುಟ್ಟೇ ಇಲ್ಲ ಅನ್ನೋ ಹಂಗಾಗತ್ತೆ."

ನಾನು ರಿಬ್ಬನ್ ಎತ್ತಿ ನೋಡಿದೆ. ಅಕ್ಷರ ಕಲಿತದ್ದು ಮುದುಕಿಯಾದ ಮೇಲೆ. ಒಂದೊಂದೇ ಕೂಡಿಸಿ ಓದಬೇಕು. ಹೆಸರು ಮುಗಿಯುವುದರೊಳಗೆ ಕೈ ನಿಂತಿತು.

"ಇದೇನೇ, ಕೆಂಪು ಮಸೀಲಿ ಬರೆದಿದ್ದೀಯ?"

"ರಿಬ್ಬನ್ ಅಂಗಡಿಯೋರು ಅವನ ಹೆಸರು ಹಾಕಲ್ಲ ಅಂದ್ರು. ಅದಕ್ಕೆ ನಾನೇ ಬರೆದೆ. ಕೆಂಪು ಅವನ ಬಣ್ಣ ಅಜ್ಜಿ, ನಾವೆಲ್ಲ ಅದನ್ನೇ..."

ಮಾನ್‌ಸುವಿನ ಅವ್ವ ಚಾಕು ಕೆಳಗಿಟ್ಟು ಎದ್ದು ಬಂದಳು. "ಬದುಕಿರೋನ ಹೆಸರನ್ನ ಕೆಂಪಲ್ಲಿ ಬರೀತಾರೇನೇ? ಸತ್ತೋರ ಹೆಸರು ಹಂಗೆ ಬರೆಯೋದು."

ಯೇದಮ್‌ಳ ಮುಖ ಬಿಳಿಚಿಕೊಂಡಿತು. ರಿಬ್ಬನ್ ಹಿಡಿಯಲು ಹೋದ ಕೈ ಹಿಂದಕ್ಕೆ ಬಂತು.

"ವಸಂತದಲ್ಲಿ ಅವನು ಸಾಯ್ಲಿ ಅಂದೋಳು ನೀನೇ ಅಲ್ವೇನೇ?" ಎಂದು ಹೇನಮ್‌ನವಳು ಮಾನ್‌ಸುವಿನ ಅವ್ವನನ್ನು ಕೇಳಿದಳು.

"ಅಂದೆ. ಬಾಯಲ್ಲಿ ಬೈಯೋದು ಬೇರೆ, ಬರೆದು ಕಟ್ಟೋದು ಬೇರೆ. ಸತ್ತೋದ್ರೆ ಅವನಿಗೆ ಸುಲಭ ಆಗ್ಬಿಡತ್ತೆ. ಇರ್ಲಿ. ತಾನು ಮಾಡಿದ್ದನ್ನ ದಿನಾ ನೋಡ್ಕೊಂಡು ಇರ್ಲಿ." ನನ್ನ ಕಡೆ ತಿರುಗಿದಳು. "ಅಕ್ಕ, ಕಪ್ಪು ಮಸಿ ಕೊಡು ಇವಳಿಗೆ."

ಯೇದಮ್ ರಿಬ್ಬನ್ ತಿರುಗಿಸಿ, ನೆಲದ ಮೇಲೆ ಮಂಡಿಯೂರಿ ಬರೆಯತೊಡಗಿದಳು. ಮಾನ್‌ಸುವಿನ ಅವ್ವ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಳು.

"ಇವನ ಕಾರಿಗೆ ಸಿಕ್ಕ ಹುಡುಗನ ಹೆಸರೇನು?"

ಬಾರಮ್‌ನ ಚಪ್ಪಲಿಯ ಅಳತೆ, ಅವನು ಯಾವ ಮಗ್ಗುಲಿಗೆ ಮಲಗುತ್ತಾನೆ, ನೂಡಲ್ಸಿಗೆ ಎಷ್ಟು ಖಾರ ಹಾಕಿಕೊಳ್ಳುತ್ತಾನೆ, ಎಲ್ಲ ಬಲ್ಲ ಹುಡುಗಿ. ಕುಂಚ ಹಿಡಿದ ಕೈ ನಿಂತಿತು.

"ಪೇಪರಲ್ಲಿ ಹೆಸರು ಹಾಕಿಲ್ಲ."

"ನೀನು ಹುಡುಕಿದ್ಯಾ?"

"ಇಲ್ಲ," ಎಂದಳು.

ನಾನು ಅಕ್ಕಿ ತೊಳೆದು ಒಲೆಗಿಟ್ಟೆ. ಹುಟ್ಟುಹಬ್ಬವೆಂದ ಮೇಲೆ ನಮ್ಮಲ್ಲಿ ಕಡಲಸೊಪ್ಪಿನ ಸಾರು ಇರಲೇಬೇಕು; ಬೇಡವೆನ್ನಲಾಗದೆ ಅದನ್ನೂ ಮಾಡಿದೆ. ಅನ್ನ ಆದಾಗ ಮಾನ್‌ಸುವಿನ ಅವ್ವ ಮೊದಲ ಬಟ್ಟಲು ತುಂಬಿ, ಮುಚ್ಚಳ ಹಾಕಿ, ಬಟ್ಟೆಯಲ್ಲಿ ಕಟ್ಟಿ ಯೇದಮ್‌ಳ ಕೈಗೆ ಕೊಟ್ಟಳು.

"ಮಾನ್‌ಸುಗೆ ಕೊಟ್ಟು ಬಾ. ಯಾರ ಹೆಸರಿನ ಅಕ್ಕಿ ಅಂತ ನಿನ್ನ ಬಾಯಿಂದಲೇ ಹೇಳು. ಅವನು ತಿಂದ್ರೆ ನಾನೂ ತಿಂತೀನಿ. ಬಿಸಾಕಿದ್ರೆ ಮೂಟೆ ವಾಪಸ್ ಹೋಗತ್ತೆ."

ಹುಡುಗಿ ಇಳಿಜಾರು ಇಳಿಯುವುದನ್ನು ನಾವು ಕಿಟಕಿಯಿಂದ ನೋಡಿದೆವು. ಮಾನ್‌ಸುವಿನ ಬಾಗಿಲಲ್ಲಿ ನಿಂತೇ ಇದ್ದಳು. ಆಮೇಲೆ ಒಳಗೆ ಹೋದಳು. ಮೇಜಿನ ಮೇಲೆ ಸಾರು ತಣ್ಣಗಾಯಿತು. ಹೇನಮ್‌ನವಳು ಕೂಡ ಚಮಚ ಮುಟ್ಟಲಿಲ್ಲ.

ತಿರುಗಿ ಬಂದಾಗ ಅವಳ ಕಣ್ಣು ಊದಿಕೊಂಡಿತ್ತು. ಬಟ್ಟಲು ಖಾಲಿಯಾಗಿತ್ತು.

"ಏನಂದ?" ಎಂದಳು ಮಾನ್‌ಸುವಿನ ಅವ್ವ.

"ಮೊದ್ಲು ಗೋಡೆ ನೋಡ್ತಾ ಕೂತಿದ್ರು. ನಾನು ಅಳೋಕೆ ಶುರು ಮಾಡಿದ್ಮೇಲೆ ತಿಂದ್ರು. ತಿಂದು..." ಮೂಗು ಒರೆಸಿಕೊಂಡಳು. "ಕಿಮ್ಚಿ ಇಲ್ದೆ ಬರೀ ಅನ್ನ ಯಾರು ಕಳಿಸ್ತಾರೆ ಅಂತ ಕೇಳಿದ್ರು."

"ಹುಟ್ಟಿದಾಗಿಂದ ಇವನದು ಇದೇ ತಕರಾರು," ಎಂದು ಮಾನ್‌ಸುವಿನ ಅವ್ವ ಗೊಣಗಿಕೊಂಡು, ತನ್ನ ಚಮಚ ತಂದು ಮೇಜಿನ ಮೇಲಿಟ್ಟಳು. ಯೇದಮ್ ಕಿಮ್ಚಿಯ ಡಬ್ಬಿ ಹಿಡಿದು ಮತ್ತೆ ಇಳಿಜಾರು ಇಳಿದಳು.