ಖೋ-ಖೋ ನರಸಿಂಹಯ್ಯನವರು
ಒಂಟಿಕೊಪ್ಪಲಿನ ನರಸಿಂಹಯ್ಯನವರು ಡಿಗ್ರಿ ಮುಗಿಸಿ ನಲವತ್ತು ವರ್ಷವಾದರೂ ತಮ್ಮ ಕಾಲೇಜಿನ ಖೋ-ಖೋ ತಂಡವನ್ನು ಇಂದಿಗೂ ‘ನಾವು’ ಎಂದೇ ಕರೆಯುತ್ತಾರೆ. “ನಿನ್ನೆ ನಾವು ಏನ್ ಓಡಿದ್ವಿ ಅಂತೀರಾ!” ಎಂದು ಹಾಲಿನ ಬೂತಿನಲ್ಲಿ ಅವರು ಹೇಳುವಾಗ ಹೊಸಬರು ಅವರ ಮಂಡಿಗೆ ಕಟ್ಟಿದ ಪಟ್ಟಿಯನ್ನು ನೋಡಿ ಬೆರಗಾಗುತ್ತಾರೆ. ಅವರ ಪ್ರಕಾರ ತಂಡ ಸೋತದ್ದೇ ಇಲ್ಲ. ಒಮ್ಮೆ ಅಂಪೈರಿಗೆ ಕನ್ನಡಕ ಬೇಕಿತ್ತು, ಇನ್ನೊಮ್ಮೆ ಹಾಸ್ಟೆಲಿನ ಪೊಂಗಲ್ ಹೊಟ್ಟೆಯಲ್ಲಿ ಭಾರವಾಗಿತ್ತು. “ಮಗಳ ಮದುವೆ ಮುಹೂರ್ತಾನೂ ಫೈನಲ್ ಮ್ಯಾಚ್ ತಪ್ಪದ ಹಾಗೆ ಇಡಿಸ್ಬಿಟ್ರು ಕಣ್ರೀ” ಎಂದು ಹೆಂಡತಿ ಚೂಡಾಮಣಿ ಬಂದವರಿಗೆಲ್ಲ ದೂರುತ್ತಾರೆ. ದೂರುತ್ತಲೇ ಪಂದ್ಯದ ದಿನ ಕಿತ್ತಳೆ ಬಿಡಿಸಿ, ನಾರು ತೆಗೆದು, ಡಬ್ಬಿಗೆ ತುಂಬಿ ಕೊಡುತ್ತಾರೆ. ಮೈದಾನದಲ್ಲಿ ಹಳೆಯ ವಿದ್ಯಾರ್ಥಿಗಳಿಗೆಂದೇ ಶಾಮಿಯಾನದ ಕೆಳಗೆ ಕುರ್ಚಿ ಹಾಕಿರುತ್ತಾರೆ. ನರಸಿಂಹಯ್ಯನವರು ಅತ್ತ ಸುಳಿಯುವುದೂ ಇಲ್ಲ; ಆಡಲು ಅವಕಾಶ ಸಿಗದವರು ಕೂರುವ ಬೆಂಚಿನ ತುದಿಯಲ್ಲಿ ಹೋಗಿ ಕೂರುತ್ತಾರೆ. ಡಬ್ಬಿಯ ಮೊದಲ ತೊಳೆ ಕ್ಯಾಪ್ಟನ್ನಿಗಲ್ಲ, ಆ ಬೆಂಚಿಗೆ. ಕಳೆದ ವಾರ, ಇಡೀ ಟೂರ್ನಮೆಂಟಿನಲ್ಲಿ ಒಮ್ಮೆಯೂ ಅಂಕಣಕ್ಕಿಳಿಯದ ವರ್ಷಿಣಿ ಎಂಬ ಹುಡುಗಿ ಮುಖ ಊದಿಸಿಕೊಂಡು, ತೊಳೆ ಬೇಡವೆಂದಳು. ಹಿರಿಯರಿಗೆ ಹಾಗೆಂದದ್ದು ಸರಿಯಾಗಲಿಲ್ಲವೆನಿಸಿತೋ ಏನೋ, “ನಿಮ್ ಕಾಲದಲ್ಲಿ ನೀವು ಯಾವ ಜಾಗದಲ್ಲಿ ಆಡ್ತಿದ್ರಿ ಸಾರ್?” ಎಂದು ಮಾತು ತೆಗೆದಳು. ನರಸಿಂಹಯ್ಯನವರು ತಾವು ಕೂತಿದ್ದ ಹಲಗೆಯನ್ನೇ ತಟ್ಟಿ ನಕ್ಕರು. “ಇಲ್ಲೇ ಕಣಮ್ಮ. ಮೂರು ವರ್ಷ ಕೂತಿದ್ದೆ, ಒಬ್ಬರೂ ನಂಗೆ ಖೋ ಕೊಡ್ಲಿಲ್ಲ. ತಗೋ, ತಿನ್ನು.”