ಕೈಗಡ ತಂದ ಗುಳಿಗೆ

ಮೆಹರುಬಿಗೆ ಮೂರು ವಾರದ ಬೀಡಿ ಮಜೂರಿ ಇನ್ನೂ ಬರಬೇಕು. ನಿಪ್ಪಾಣಿಯ ಕಾರ್ಖಾನೆದಾರ ಇವತ್ತು, ನಾಳೆ ಅನ್ನುತ್ತಲೇ ಇದ್ದಾನೆ. ಅವಳ ಬಲಗಾಲ ಹೆಬ್ಬೆರಳಿನ ಹುಣ್ಣು ಅವನ ವಾಯಿದೆಗೆ ಕಾಯುವಂಥದ್ದಲ್ಲ. ರೊಕ್ಕ ಕೊಟ್ಟು ತೋರಿಸಲಾಗದೆ ಅವಳು ಪ್ರತಿ ಮಂಗಳವಾರ ಸಮುದಾಯ ಭವನದಲ್ಲಿ ನಡೆಯುವ ಪುಕ್ಕಟೆ ದವಾಖಾನೆಗೆ ಹೋಗುತ್ತಾಳೆ. ಸಕ್ಕರೆ ಕಾಯಿಲೆ ಹತೋಟಿಗೆ ಬರದಿದ್ದರೆ ಬೆರಳು ತೆಗೆಯಬೇಕಾದೀತು ಎಂದು ಅಲ್ಲಿ ಹೇಳಿದ್ದಾರೆ.

ಆ ದವಾಖಾನೆಗೆ ಪ್ರತಿ ಸಲ ಬೇರೆ ಡಾಕ್ಟರು. ಗುಳಿಗೆಯೂ ಬೇರೆ, ದಾನಕ್ಕೆ ಯಾವುದು ಬಂದಿದೆಯೋ ಅದು. ಒಂದು ವಾರ ಬಿಳಿ, ಮುಂದಿನ ವಾರ ಹಳದಿ. ಕೇಳಿದ್ದಕ್ಕೆ ಡಾಕ್ಟರೊಬ್ಬರು, "ಎಲ್ಲಾ ಒಂದ ಅದಾವ ಮಾವಶಿ, ತಗೋರಿ," ಅಂದರು. ತಗೊಂಡಳು. ಎಲ್ಲಾ ಒಂದೇ ಅನ್ನುವುದನ್ನೂ ತಲೆಯಲ್ಲಿಟ್ಟುಕೊಂಡಳು.

ಎದುರು ಮನೆಯ ದುಂಡವ್ವನೂ ಬೀಡಿ ಕಟ್ಟುವವಳೇ. ಅವಳಿಗೆ ಬಿಪಿ; ಅದೇ ದವಾಖಾನೆಯ ಬಿಳಿ ಗುಳಿಗೆ ತಗೊಳ್ಳುತ್ತಾಳೆ. ಒಬ್ಬಳಿಗೆ ಬೀಡಿ ಎಲೆ ಕಡಿಮೆ ಬಿದ್ದರೆ ಇನ್ನೊಬ್ಬಳು ಕೊಡುವುದು, ಹೊಸ ಎಲೆ ಬಂದಾಗ ತಿರುಗಿ ಇಸಕೊಳ್ಳುವುದು ಆ ಓಣಿಯ ರೂಢಿ. ಒಂದು ಮಂಗಳವಾರ ಮೆಹರುಬಿಯ ಗುಳಿಗೆ ಮುಗಿದಿದ್ದವು, ದವಾಖಾನೆಗೆ ಕೀಲಿ ಬಿದ್ದಿತ್ತು.

"ಎಲ್ಲಾ ಒಂದ ಅಂದಾರ. ನಿನ್ನವ ಒಂದ್ ವಾರದ್ದು ಕೊಡ ಬೇ," ಎಂದಳು ದುಂಡವ್ವನಿಗೆ.

"ತಗೋ. ಎಲಿ ತಿರುಗಿ ಕೊಟ್ಟಂಗ ಹರಕು ಮುರುಕು ಕೊಟ್ಟಿ ಮತ್ತ!"

ವಾರ ಕಳೆಯುವುದರಲ್ಲಿ ಹುಣ್ಣಿನಲ್ಲಿ ಕೀವು ತುಂಬಿತು. ಎದ್ದರೆ ತಲೆ ತಿರುಗಿ ಬೀಡಿ ಮೊರದ ಮೇಲೆಯೇ ಬಿದ್ದಳು. ಮುಂದಿನ ಮಂಗಳವಾರ ಬಂದ ಹೊಸ ಡಾಕ್ಟರು ಅವಳು ತಂದಿದ್ದ ಗುಳಿಗೆಯ ಖಾಲಿ ಪೊಟ್ಟಣ ನೋಡಿ ಚೀರಿದರು.

"ಇದು ಬಿಪಿದು! ಯಾರ್ ಕೊಟ್ರು?"

"ದುಂಡವ್ವ ಕೊಟ್ಳ್ರಿ. ಎಲ್ಲಾ ಒಂದ ಅಂದಿದ್ರಲ್ರಿ?"

"ನಾ ಎಲ್ಲಿ ಅಂದೆ?"

"ನೀವಲ್ರಿ, ಹಿಂದಿನವರು. ಅಲ್ರಿ ಸಾಹೇಬ್ರ, ನನ್ನ ಬಿಳಿದೂ ಹಳದಿದೂ ಒಂದ ಆದ್ರ, ದುಂಡವ್ವನ ಬಿಳಿದು ಹೆಂಗ ಬ್ಯಾರೆ ಆತು?"

ಡಾಕ್ಟರು ಗಡಿಯಾರ ನೋಡಿಕೊಂಡರು. ಹಿಂದೆ ಪಾಳಿ ಬೆಳೆದಿತ್ತು. "ಇವನ್ನ ತಗೋರಿ," ಎಂದು ಬೇರೆ ಗುಳಿಗೆ ಕೊಟ್ಟರು. ಈ ಸಲ ಗುಲಾಬಿ ಬಣ್ಣದ್ದು.

ಮೆಹರುಬಿ ಅದನ್ನು ಮುಂದಿಟ್ಟುಕೊಂಡು ಕೂತಿದ್ದಾಳೆ. ಇದು ತನ್ನದೋ, ದುಂಡವ್ವನದೋ, ಇನ್ಯಾರದೋ ತಿಳಿಯದೆ ನುಂಗಿಲ್ಲ. ಬೆರಳು ಕಪ್ಪಗಾಗುತ್ತಿದೆ.

ಇದನ್ನು ಓದಬಲ್ಲವರು ನೀವು. ಬರುವ ಮಂಗಳವಾರ ಆ ಭವನಕ್ಕೆ ಬನ್ನಿ. ಯಾವ ಗುಳಿಗೆ ಯಾಕೆ ಎಂದು ಮೆಹರುಬಿ ತನ್ನ ಬಾಯಿಂದ ತಿರುಗಿ ಹೇಳುವವರೆಗೂ ಡಾಕ್ಟರಿಂದ ಅವಳಿಗೆ ಹೇಳಿಸಿ. ಅಷ್ಟರಲ್ಲಿ ಡಾಕ್ಟರು ಎದ್ದು ಹೊರಟರೆ ಬಾಗಿಲಿಗೆ ಅಡ್ಡ ನಿಲ್ಲಿ.